ತಪ್ಪಿಲ್ಲ ಎನ್ನದ ಡಾಕ್ಟರು

ನನಗೆ ಕಾಯಿಲೆ ಶುರುವಾದದ್ದು ಯಾರದೋ ಹೊಲದ ಬದುವಿನಿಂದ.

ಆಗ ನಾನು ಶ್ರೀನಿವಾಸಪುರದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಗುಮಾಸ್ತನಾಗಿದ್ದೆ. ಜನ ಬರೆಸಿಕೊಂಡು ತಂದ ಕ್ರಯಪತ್ರ, ಭಾಗಪತ್ರಗಳನ್ನು ಸರ್ಕಾರದ ದಪ್ಪ ಪುಸ್ತಕಕ್ಕೆ ಒಂದಕ್ಷರ ಬಿಡದೆ ಇಳಿಸುವುದು ನನ್ನ ಕೆಲಸ. ಹೋಳೂರಿನ ನಮ್ಮ ಮನೆಯಲ್ಲಿ ನೇಗಿಲು ಬಿಟ್ಟು ಲೇಖನಿ ಹಿಡಿದವನು ನಾನೇ ಮೊದಲಿಗ. ನನ್ನಣ್ಣ ಪಿಳ್ಳಪ್ಪ ಸಂತೆಯಲ್ಲಿ ಸಿಕ್ಕವರಿಗೆಲ್ಲ, "ನಮ್ಮ ಚೌಡ ಬರ್ದಿದ್ದು ಸರ್ಕಾರ ಇರೋವರ್ಗೂ ಇರ್ತದೆ ಕಣ್ರಪ್ಪಾ" ಎಂದು ಹೇಳಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಕಚೇರಿಯ ಜಗುಲಿಯ ಮೇಲೆ ಕೂತ ಇಬ್ಬರು ರೈತರ ಮಾತು ಕಿವಿಗೆ ಬಿತ್ತು. ಹತ್ತಿರದ ಹಳ್ಳಿಯೊಂದರಲ್ಲಿ ಅಣ್ಣತಮ್ಮಂದಿರು ಬದುವಿಗಾಗಿ ಹೊಡೆದಾಡಿಕೊಂಡರಂತೆ. ತಮ್ಮನ ತಲೆ ಒಡೆದು, ಉಳಿಯುವುದು ಅನುಮಾನವಂತೆ. ಅವರ ಭಾಗಪತ್ರವನ್ನು ಹಿಂದಿನ ತಿಂಗಳು ನಾನೇ ನಕಲು ಮಾಡಿದ್ದೆ. ನನ್ನ ಕೈ ನಿಂತಿತು. ಹೊಲದ ನಾಲ್ಕು ದಿಕ್ಕಿಗೆ ಯಾರ ಜಮೀನಿದೆ ಎಂದು ಬರೆಯುವ ಚಕ್ಕುಬಂದಿಯ ಸಾಲಿನಲ್ಲಿ, ಉತ್ತರ ಇರಬೇಕಾದ ಕಡೆ ದಕ್ಷಿಣ ಎಂದು ಬರೆದುಬಿಟ್ಟೆನೇನೋ?

ಪುಸ್ತಕ ತೆಗೆದು ನೋಡಿದೆ. ಸರಿಯಾಗಿತ್ತು. ಉತ್ತರ ಉತ್ತರವೇ, ದಕ್ಷಿಣ ದಕ್ಷಿಣವೇ. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಸಂಜೆ ಮನೆಯ ಕಡೆ ಹೆಜ್ಜೆ ಹಾಕಿದೆ. ಊರ ಕೊನೆಯ ಹುಣಸೇಮರದವರೆಗೆ ಆ ನೆಮ್ಮದಿ ಇತ್ತು. ಮರ ದಾಟುವಾಗ ಅನ್ನಿಸಿತು: ನಾನು ನೋಡಿದ್ದು ಅದೇ ಪತ್ರವೇ? ಗಡಿಬಿಡಿಯಲ್ಲಿ ಪಕ್ಕದ ಪುಟ ನೋಡಿರಬಹುದಲ್ಲ? ತಿರುಗಿ ಓಡಿದೆ. ಕಚೇರಿಗೆ ಬೀಗ ಬಿದ್ದಿತ್ತು. ಜವಾನನ ಮನೆಗೆ ಹೋಗಿ ಏನೋ ಸುಳ್ಳು ಹೇಳಿ ಬೀಗ ತೆಗೆಸಿ ಮತ್ತೆ ನೋಡಿದೆ.

ತಲೆ ಒಡೆದುಕೊಂಡವನು ಬದುಕಿದ. ಅಣ್ಣತಮ್ಮಂದಿರು ರಾಜಿಯೂ ಆದರು. ಅಷ್ಟು ಹೊತ್ತಿಗೆ ನನ್ನ ಅನುಮಾನಕ್ಕೆ ಅವರ ಹಂಗು ಬೇಕಿರಲಿಲ್ಲ. ಅದು ಈ ಪತ್ರ ಬಿಟ್ಟು ಇನ್ನೊಂದಕ್ಕೆ ಹಾರಿತು, ಅಲ್ಲಿಂದ ಮತ್ತೊಂದಕ್ಕೆ. ಒಂದು ಗಂಟೆಯಲ್ಲಿ ಬರೆಯುತ್ತಿದ್ದ ಪುಟಕ್ಕೆ ಮೂರು ದಿನ ಹಿಡಿಯತೊಡಗಿತು. ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಬಾಯಿಬಿಟ್ಟು ಓದುತ್ತಿದ್ದೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ಮೊದಲು ಸರಿಯಿತ್ತೇ ಎನ್ನುವುದು ಮರೆತಿರುತ್ತಿತ್ತು.

ನಮ್ಮ ಸಬ್ ರಿಜಿಸ್ಟ್ರಾರ್ ಸಾಹೇಬರು ಒಳ್ಳೆಯವರು. ಒಂದು ದಿನ ಕರೆದು ಕೂರಿಸಿಕೊಂಡು, "ಚೌಡಪ್ಪ, ನಿಮ್ಮ ಬರವಣಿಗೆಯಲ್ಲಿ ತಪ್ಪಿಲ್ಲ. ಅದನ್ನ ನಿಮಗೆ ಯಾವ ಭಾಷೇಲಿ ಹೇಳಲಿ?" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಮಾಡದ ತಪ್ಪುಗಳ ಪಟ್ಟಿ ಬರೆದುಕೊಂಡು ಹೋಗಿ ಕ್ಷಮಾಪಣೆ ಕೇಳಿದ್ದೆ, ಅದೂ ಆ ವಾರದಲ್ಲಿ ನಾಲ್ಕನೇ ಸಲ. ಅವರು ನನ್ನನ್ನು ದೀರ್ಘ ರಜೆಯ ಮೇಲೆ ಕಳಿಸಿದರು.

ಮನೆಯಲ್ಲಿ ಕೂತ ಮೇಲೆ ಆ ಅನುಮಾನ ನನ್ನ ಹೆಂಡತಿ ರತ್ನಮ್ಮನ ಪಾಲಿಗೆ ಬಂತು. ಅವಳು ಮುಳಬಾಗಿಲು ಕಡೆಯ ತಾಯಲೂರಿನವಳು. ಮನೆಮಾತು ತೆಲುಗು, ಕನ್ನಡ ನನ್ನ ಜೊತೆ ಬಾಳುತ್ತ ಕಲಿತದ್ದು. ಓದುಬರಹ ಬಾರದು.

"ರತ್ನ, ಆ ಭಾಗಪತ್ರ ನಾನು ಸರಿಯಾಗೇ ಬರ್ದಿದೀನಿ ಅಲ್ವಾ?"

"ಬರ್ದಿದೀರಿ."

"ಹಂಗೆ ಬಾಯಿಗೆ ಬಂದಂಗೆ ಹೇಳ್ಬೇಡ. ಯೋಚ್ನೆ ಮಾಡಿ ಹೇಳು."

"ನಂಗೆ ಓದೋಕೆ ಬರಲ್ಲ. ಆದ್ರೂ ಹೇಳ್ತೀನಿ, ಸರಿಯಾಗಿ ಬರ್ದಿದೀರಿ. ಮುದ್ದೆ ಆರೋಗ್ತದೆ, ಉಣ್ಣಿ."

ಓದು ಬಾರದವಳ ಕೈಯಿಂದ ಹೀಗೆ ಪ್ರಮಾಣಪತ್ರ ಪಡೆಯುತ್ತಿದ್ದೆ. ಅದರ ತಂಪು ಒಂದು ತುತ್ತು ನುಂಗುವವರೆಗೆ ಇರುತ್ತಿತ್ತು. ರಾಗಿ ಬೀಸುವಾಗ, ನೀರು ಸೇದುವಾಗ, ಮಗುವಿಗೆ ತಲೆ ಬಾಚುವಾಗ, ಯಾವಾಗ ಕೇಳಿದರೂ ಅವಳು ಉತ್ತರ ಕೊಡುತ್ತಿದ್ದಳು. ಕೊನೆಕೊನೆಗೆ ನಾನು ಬಾಗಿಲಲ್ಲಿ ನಿಂತರೆ ಸಾಕು, ಕೇಳುವ ಮೊದಲೇ, "ಸರಿಯಾಗಿ ಬರ್ದಿದೀರಿ" ಎನ್ನುತ್ತಿದ್ದಳು. ಅವಳ ಮುಖ ಬತ್ತಿಹೋಗಿತ್ತು.

ಮುಂದಿನದನ್ನು ಬರೆಯಲು ಇಂದಿಗೂ ಕೈ ಹಿಂದೆಗೆಯುತ್ತದೆ. ಒಂದು ಬೆಳಿಗ್ಗೆ ಅವಳ ಮಾತು ಸಾಲದಾಯಿತು. "ಕಮಲಿ ತಲೆ ಮೇಲೆ ಕೈಯಿಟ್ಟು ಹೇಳು" ಎಂದೆ. ಕಮಲಿ ನಮ್ಮ ಮಗಳು, ಮೂರು ವರ್ಷದ್ದು. ಹೊಸ್ತಿಲಲ್ಲಿ ಕೂತು ಬೆಲ್ಲದ ಚೂರು ಚೀಪುತ್ತಿತ್ತು.

"ಬ್ಯಾಡ, ಮಗು ಮೇಲೆಲ್ಲ ಆಣೆ ಬ್ಯಾಡ" ಎಂದಳು ರತ್ನಮ್ಮ.

"ನಾನು ಬದುಕಿರಬೇಕು ಅಂದ್ರೆ ಇಡು."

ಅವಳು ಇಟ್ಟಳು. "ಇವ್ರು ತಪ್ಪು ಬರ್ದಿಲ್ಲ" ಎಂದಳು. ಕೈ ತೆಗೆದು ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತಳು. ನಾನು ಅಳಲಿಲ್ಲ. ಅಂಗಳದಲ್ಲಿ ನಿಂತಲ್ಲೇ ನಿಂತಿದ್ದೆ. ನನ್ನೊಳಗೆ ಹೊಸದೊಂದು ಬಾಗಿಲು ತೆರೆದುಕೊಂಡಿತ್ತು: ಒಂದು ವೇಳೆ ನಾನು ತಪ್ಪು ಬರೆದಿದ್ದರೆ ಈ ಆಣೆ ಸುಳ್ಳು. ಆಣೆ ಸುಳ್ಳಾದರೆ ಮಗು?

ಎಂಟು ದಿನಕ್ಕೆ ಕಮಲಿಗೆ ದಡಾರವಾಯಿತು. ಆ ವರ್ಷ ಕೇರಿಯ ಅರ್ಧ ಮಕ್ಕಳಿಗೆ ಆಗಿತ್ತು. ಆದರೆ ನನಗೆ ಗೊತ್ತಿತ್ತು, ಇದು ನಾನು ಕರೆದುತಂದದ್ದು ಎಂದು. ಒಳಗೆ ಮಗು ಬೇವಿನ ಸೊಪ್ಪಿನ ಮೇಲೆ ಮಲಗಿ, "ಅಪ್ಪ" ಎಂದು ಕೂಗುತ್ತಿದ್ದರೆ ನಾನು ಒಳಗೆ ಹೋಗಲಿಲ್ಲ. ಮುಟ್ಟಿದರೆ ಇನ್ನೂ ಏನಾಗುವುದೋ ಎಂದು. ಮಗು ಹತ್ತು ದಿನಕ್ಕೆ ಎದ್ದು ಓಡಾಡಿತು. ನಾನು ಏಳಲಿಲ್ಲ. ಅಂದಿನಿಂದ ಅದನ್ನು ಮುಟ್ಟಲೂ ಇಲ್ಲ. ಬಾವಿಯ ಕಡೆಗೆ ನನ್ನನ್ನು ಒಬ್ಬನೇ ಕಳಿಸಬಾರದೆಂದು ರತ್ನಮ್ಮ ನೆರೆಯವರಿಗೆ ಹೇಳಿಟ್ಟಿದ್ದಳು. ಅವಳು ಹಾಗೆ ಹೇಳಿಟ್ಟದ್ದು ತಪ್ಪಾಗಿರಲಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ಅಲೆದಾಟ.

ಮೊದಲು ಅತ್ತೆ ತಾಯಲೂರಿಗೆ ಕರೆಸಿಕೊಂಡರು. ಅಲ್ಲಿ ಮೈಮೇಲೆ ದೇವರು ಬರುವ ಒಬ್ಬ ಹೆಂಗಸು ಇದ್ದಳು. ಮಂಗಳವಾರ ಅವಳ ಮುಂದೆ ಕೂರಿಸಿದರು. "ಎವರಿಕಿ ಅನ್ಯಾಯಂ ಚೇಸಿನಾವು? ಚೆಪ್ಪು!" ಎಂದು ಗದರಿದಳು. ಯಾರಿಗೆ ಅನ್ಯಾಯ ಮಾಡಿದೆ, ಹೇಳು ಎಂದು. ಅವಳ ಮುಂದೆ ಬಾಯಿಬಿಟ್ಟು ಅತ್ತು ಹಗುರಾಗಿ ಎದ್ದುಹೋದವರನ್ನು ಅಂದು ನಾನೇ ಕಣ್ಣಾರೆ ಕಂಡೆ. ಆದರೆ ಅನ್ಯಾಯ ಮಾಡಿದ್ದೇನೆಯೇ ಎಂದು ದಿನವಿಡೀ ತನ್ನನ್ನೇ ವಿಚಾರಣೆ ಮಾಡಿಕೊಳ್ಳುವವನಿಗೆ ಅದೇ ಪ್ರಶ್ನೆ ಕೇಳಿದರೆ ಏನಾದೀತು? ನಾನು ಹೆಸರು ಹೇಳತೊಡಗಿದೆ. ನೆನಪಿಗೆ ಬಂದ ಪತ್ರಗಳ ಹೆಸರುಗಳನ್ನೆಲ್ಲ ಹೇಳಿದೆ. ನಿಲ್ಲಿಸಲಾಗಲಿಲ್ಲ. ಕೊನೆಗೆ ದೇವರೇ ಇಳಿದುಹೋಯಿತು.

ಆಮೇಲೆ ಮುಳಬಾಗಿಲಿನ ಪಂಡಿತರು. ಅವರ ಜಗುಲಿಯಲ್ಲಿ ಒಂದು ತಿಂಗಳಿದ್ದೆ. ತಲೆಗೆ ಎಣ್ಣೆ ಒತ್ತಿ, ಕಷಾಯ ಕುಡಿಸಿ, ಮಗನಂತೆ ನೋಡಿಕೊಂಡರು. ಎಷ್ಟೋ ದಿನದ ಮೇಲೆ ನಿದ್ದೆ ಬಂತು. ಪಕ್ಕದಲ್ಲಿದ್ದ ಸೊಂಟನೋವಿನ ಮುದುಕ ಅವರ ಕೈಯಲ್ಲಿ ಗುಣವಾಗಿ ನಡೆದುಕೊಂಡೇ ಊರಿಗೆ ಹೋದ. ನನಗೆ ಅವರು ಹೇಳಿದ್ದು ಇಷ್ಟೇ: "ಯೋಚನೆ ಬಿಡಪ್ಪ. ಬಂದಾಗಲೆಲ್ಲ ರಾಮನಾಮ ಹೇಳ್ಕೋ." ಹೇಳಿಕೊಂಡೆ. ಮೂರನೇ ದಿನ ಅನುಮಾನ ಬಂತು, ನಾಮವನ್ನು ಸರಿಯಾಗಿ ಉಚ್ಚರಿಸಿದೆನೇ? ಮೊದಲಿಂದ ಹೇಳಿದೆ. ಮತ್ತೆ ಮೊದಲಿಂದ. ನಾಲಿಗೆ ಒಣಗಿ ಸೀಳುವವರೆಗೆ ಹೇಳಿದೆ. ಪಂಡಿತರು ನನ್ನ ಭಕ್ತಿ ಕಂಡು ಮೆಚ್ಚಿಕೊಂಡರು. ಅವರಿಗೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಅಷ್ಟು ಪ್ರೀತಿಯಿಂದ ನೋಡಿಕೊಂಡವರಿಗೆ 'ನಿಮ್ಮ ಮದ್ದು ನನ್ನನ್ನು ಕೊಲ್ಲುತ್ತಿದೆ' ಎಂದು ಹೇಗೆ ಹೇಳುವುದು? ಗುಣವಾಯಿತು ಎಂದು ಕಾಲಿಗೆ ಬಿದ್ದು ಹೊರಟುಬಂದೆ.

ಕೋಲಾರದ ಡಾಕ್ಟರು ಬೆಂಗಳೂರಿನಲ್ಲಿ ಓದಿ ಬಂದ ಯುವಕರು. ಅವರ ಕೋಣೆಯ ಹೊರಗೆ ಉದ್ದನೆಯ ಬೆಂಚು. ಅದರ ಮೇಲೆ ಮಗು ಹೊತ್ತ ತಾಯಂದಿರು, ಕೆಮ್ಮುವವರು, ಕೈಗೆ ಪಟ್ಟಿ ಕಟ್ಟಿಕೊಂಡವರು. ಎಲ್ಲರ ನೋವೂ ಕಣ್ಣಿಗೆ ಕಾಣುವಂಥದು. ಪಕ್ಕದವರು, "ನಿಮಗೇನು?" ಎಂದು ಕೇಳಿದರೆ ಏನು ಹೇಳಲಿ? "ತಲೆನೋವು" ಎನ್ನುತ್ತಿದ್ದೆ. ಡಾಕ್ಟರು ಎದೆ ಬೆನ್ನಿಗೆ ಕೊಳವೆಯಿಟ್ಟು ನೋಡಿ, ಹೆಗಲು ತಟ್ಟಿ, "ನಿಮಗೇನೂ ಆಗಿಲ್ಲ. ನರ ಸ್ವಲ್ಪ ದಣಿದಿದೆ" ಎಂದು ಬಾಟಲಿಯಲ್ಲಿ ಔಷಧಿ ಕೊಟ್ಟರು. ಎಷ್ಟು ಹಿತವಾಗಿತ್ತು ಆ ದನಿ! ಅದನ್ನು ಕೇಳುವುದಕ್ಕೇ ಪ್ರತಿ ವಾರ ಸಣ್ಣ ರೈಲು ಹತ್ತಿ ಹೋಗತೊಡಗಿದೆ. ಒಂದು ಸಲ ಭಾಗಪತ್ರದ ಒಂದು ನಕಲನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಅವರ ಮುಂದೆ ಹರಡಿದೆ. ಪಾಪ, ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವರು ಕೂತು ಪೂರ್ತಿ ಓದಿದರು. "ಎಲ್ಲ ಸರಿಯಾಗಿದೆ" ಎಂದರು. ಕೋಲಾರದ ಸ್ಟೇಷನ್ನಿಗೆ ಕುಣಿಯುತ್ತ ಬಂದೆ. ರೈಲು ಶ್ರೀನಿವಾಸಪುರ ಮುಟ್ಟುವಷ್ಟರಲ್ಲಿ, ಇವರು ಡಾಕ್ಟರು, ಪತ್ರದ ವಿಷಯ ಇವರಿಗೇನು ಗೊತ್ತು ಎಂಬ ಮಾತು ತಲೆಯೊಳಗೆ ಎದ್ದಿತ್ತು.

ಆರು ತಿಂಗಳ ಮೇಲೆ ಅವರೂ ಸೋತರು. ಅಣ್ಣನನ್ನು ಕರೆಸಿ, ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಒಂದು ಕಾಗದ ಬರೆದುಕೊಟ್ಟರು. ಅಣ್ಣ ಕಾಗದವನ್ನು ರುಮಾಲಿನೊಳಗೆ ಇಟ್ಟುಕೊಂಡ. ಊರಲ್ಲಿ ಯಾರಿಗೂ ಹೇಳಲಿಲ್ಲ. ಆಸ್ಪತ್ರೆ ಎಂಥದೋ ನಾನು ಕಂಡವನಲ್ಲ. ಆದರೆ ನಮ್ಮ ಕಡೆ ಅದರ ಹೆಸರು ಹೇಳಿದರೆ ಹೆಣ್ಣು ಕೊಡುತ್ತಿರಲಿಲ್ಲ, ತರುತ್ತಲೂ ಇರಲಿಲ್ಲ.

ಬೌರಿಂಗ್‌ಪೇಟೆಯಲ್ಲಿ ದೊಡ್ಡ ರೈಲಿಗೆ ಬದಲಿಸಿದೆವು. ರೈಲು ಹೊರಟಂತೆ ನನ್ನ ಭಯವೂ ವೇಗ ಹಿಡಿಯಿತು. ಒಮ್ಮೆ ಆ ಗೇಟಿನೊಳಗೆ ಹೋದರೆ ಪುಸ್ತಕ ನೋಡಲು ಯಾರು ಬಿಡುತ್ತಾರೆ? ಕೊನೆಯದೊಂದು ಸಲ ನೋಡಿ ಬರಲೇಬೇಕು. ಮಾಲೂರಿನಲ್ಲಿ ರೈಲು ನಿಂತದ್ದೇ ಇಳಿದು ಓಡಿದೆ.

"ಲೇ ಚೌಡಾ! ಎಲ್ಲಿಗ್ಲಾ? ನಿಲ್ಲೋ!" ಅಣ್ಣ ಹಿಂದೆಯೇ ಧುಮುಕಿದ. ಪ್ಲಾಟ್‌ಫಾರಂ ಮೇಲೆ ಕಾಲು ಕುಸಿದು ಬಿದ್ದೆ. ಉಸಿರು ಸಿಗದೆ ಕೈಕಾಲು ಸೆಡೆದುಕೊಂಡವು. ಅಣ್ಣ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಸಾಯ್ಬೇಡ್ಲಾ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಅಳುತ್ತಿದ್ದ. ಹಿರಿಯಣ್ಣ, ತಮ್ಮನಿಗೆ ಆ ಮಾತು ಹೇಳಿದ. ನಮ್ಮ ರೈಲು ಹೊರಟುಹೋಯಿತು.

ಸ್ಟೇಷನ್ನಿನವರು ಇಟ್ಟಿಗೆ ಗೂಡುಗಳ ದಾರಿಯಲ್ಲಿದ್ದ ಒಂದು ಹೆಂಚಿನ ಮನೆ ತೋರಿಸಿದರು. ಅಲ್ಲಿದ್ದವರು ವಯಸ್ಸಾದ ಮುಸಲ್ಮಾನ ಡಾಕ್ಟರು. ಮೊದಲ ಮಹಾಯುದ್ಧದಲ್ಲಿ ಸೈನ್ಯದ ಪಟಾಲಮ್ಮಿನ ಜೊತೆ ದೂರದ ಬಸ್ರಾಕ್ಕೆ ಹೋಗಿ ಬಂದವರಂತೆ. ಊರವರೆಲ್ಲ ಅವರನ್ನು ಡಾಕ್ಟರ್ ಸಾಹೇಬರು ಎಂದೇ ಕರೆಯುತ್ತಿದ್ದರು. ಕುರ್ಚಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ನಮ್ಮನ್ನು ಕಂಡು ಎದ್ದೂ ನಿಲ್ಲಲಿಲ್ಲ, ಅಯ್ಯೋ ಎನ್ನಲೂ ಇಲ್ಲ. ಅಣ್ಣ ಹೇಳಿದ್ದನ್ನೆಲ್ಲ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಹೇಳಿ, ಗುಮಾಸ್ತರೇ" ಎಂದರು. ನಾನು ಹೇಳಿದೆ. ಬದುವಿನಿಂದ ಆಣೆಯವರೆಗೂ. ಅವರು ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ನಾನು ಎಲ್ಲರಿಗೂ ಕೇಳುವುದನ್ನೇ ಅವರಿಗೂ ಕೇಳಿದೆ.

"ಸಾಹೇಬ್ರೇ, ನಾನು ತಪ್ಪು ಬರ್ದಿಲ್ಲ ಅಲ್ವಾ?"

ಅವರು ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದರು. "ಬರ್ದಿರಬಹುದು" ಎಂದರು.

ನನಗೆ ಕಪಾಳಕ್ಕೆ ಹೊಡೆದಂತಾಯಿತು. "ಏನಂದ್ರಿ?"

"ಬರ್ದಿರಬಹುದು. ಇಷ್ಟು ವರ್ಷದಿಂದ ಬರೀತಿದೀರಿ. ಎಲ್ಲೋ ಒಂದು ತಪ್ಪು ಆಗಿರಬಹುದು, ಆಗದೇನೂ ಇರಬಹುದು. ನನಗೆ ಗೊತ್ತಿಲ್ಲ. ನಿಮಗೂ ಗೊತ್ತಾಗಲ್ಲ. ನಿಮ್ಮ ಹೆಂಡ್ತಿಗೆ ಮೊದಲೇ ಗೊತ್ತಾಗಲ್ಲ."

ಅಣ್ಣ ಕೆಂಡವಾದ. "ಏನ್ ಡಾಕ್ಟ್ರಯ್ಯಾ ನೀವು? ಸಾಯೋನಿಗೆ ಒಂದು ಒಳ್ಳೇ ಮಾತು ಹೇಳೋಕಾಗಲ್ವಾ?"

"ಒಳ್ಳೇ ಮಾತು ಎರಡು ವರ್ಷದಿಂದ ಎಲ್ಲರೂ ಹೇಳಿದಾರೆ. ನೋಡಿ ಎಲ್ಲಿಗೆ ಬಂದಿದಾರೆ" ಎಂದರು ಸಾಹೇಬರು, ದನಿ ಏರಿಸದೆ.

ಅಣ್ಣ ನನ್ನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೊರಬಂದ. "ಕಲ್ಲು ಮನುಷ್ಯ" ಎಂದು ದಾರಿಯುದ್ದಕ್ಕೂ ಬೈದ. ನಾನೂ ಒಳಗೊಳಗೇ ಶಪಿಸುತ್ತಿದ್ದೆ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಮುಂದಿನ ರೈಲಿಗೆ ಕಾಯುತ್ತ ಅತ್ತೆ. ಆ ಅಳುವಿನ ನಡುವೆ ಒಂದು ಸಂಗತಿ ತಿಳಿಯಿತು. ಇದುವರೆಗೆ ಯಾರು ಸಮಾಧಾನ ಹೇಳಿದರೂ ಒಳಗಿನಿಂದ ಒಂದು ದನಿ, 'ಇವರಿಗೆ ಹೇಗೆ ಗೊತ್ತು?' ಎಂದು ಕೇಳುತ್ತಿತ್ತು. ಆ ಮುದುಕರ ಮಾತಿಗೆ ಅದು ಸುಮ್ಮನಿತ್ತು. ಅವರೊಬ್ಬರೇ ನನಗೆ ಸುಳ್ಳು ಹೇಳಿರಲಿಲ್ಲ.

ಬೆಂಗಳೂರಿನ ರೈಲು ಬಂದಾಗ, "ಅಣ್ಣ, ಅವ್ರ ಹತ್ರಾನೇ ಇನ್ನೊಂದ್ಸಲ ಹೋಗೋಣ" ಎಂದೆ.

ಅಣ್ಣ ನನ್ನ ಕಡೆ ತಿರುಗಿದ. "ಅವ್ನು ಬೈದಿದ್ದೇ ನಿಂಗೆ ಹಿಡಿಸ್ತೇನ್ಲಾ?" ಎಂದ.

"ಬೈಲಿಲ್ಲ ಅಣ್ಣ" ಎಂದೆ. ಆ ರೈಲು ಹತ್ತದೆ ತಿರುಗಿ ಅವರ ಬಾಗಿಲಿಗೆ ಹೋದೆವು.

ಅತ್ತಿಗೆಯ ಕಡೆಯ ಸಂಬಂಧಿಕರೊಬ್ಬರು ಇಟ್ಟಿಗೆ ಗೂಡಿನ ಹತ್ತಿರ ಒಂದು ಕೋಣೆ ಬಿಟ್ಟುಕೊಟ್ಟರು. ದಿನವೂ ಬೆಳಿಗ್ಗೆ ಸಾಹೇಬರ ಮನೆಗೆ ಹೋಗುತ್ತಿದ್ದೆ. ಔಷಧಿ ಎಂದು ಅವರು ಕೊಟ್ಟದ್ದು ಕಡಿಮೆ. ಗೂಡಿನಲ್ಲಿ ದುಡಿಯುವವರು ದೂರದೂರದ ಊರಿನವರು, ಓದು ಬಾರದವರು. ಅವರ ಕಾಗದಗಳನ್ನು ನಾನು ಬರೆಯಬೇಕೆಂದರು. "ಒಂದೇ ಸಲ ಬರೀಬೇಕು. ತಿರುಗಿಸಿ ಓದಬಾರದು. ಮಡಿಸಿ, ಪೆಟ್ಟಿಗೆಗೆ ಹಾಕಿ ಬನ್ನಿ."

ಓದುವವರಿಗೆ ಇದು ಏನೂ ಅಲ್ಲ ಎನ್ನಿಸಬಹುದು. ಮೊದಲ ಕಾಗದ ಒಬ್ಬ ಹೆಂಗಸಿನದು. ತಾಯಿಗೆ, ಹಬ್ಬಕ್ಕೆ ಬರುತ್ತೇನೆ ಎಂದು. ಐದು ಸಾಲು. ಅಂಚೆಪೆಟ್ಟಿಗೆಯ ಬಾಯಿಗೆ ಕಾಗದ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ಕೈ ಬಿಟ್ಟ ಕ್ಷಣವೇ, 'ಬರುತ್ತೇನೆ' ಎನ್ನುವ ಕಡೆ 'ಬರುವುದಿಲ್ಲ' ಎಂದು ಬರೆದೆ ಎನ್ನಿಸಿತು. ಆ ತಾಯಿ ಓದಿಸಿಕೊಂಡು ಎದೆ ಒಡೆದು ಸಾಯುವುದು ಕಣ್ಣಿಗೆ ಕಟ್ಟಿತು. ಪೆಟ್ಟಿಗೆಯೊಳಗೆ ಕೈ ತೂರಿಸಿದೆ. ಮಣಿಕಟ್ಟಿನ ಚರ್ಮ ಕಿತ್ತುಬಂತೇ ಹೊರತು ಕಾಗದ ಸಿಗಲಿಲ್ಲ. ಅಂಚೆಯವನು ಬರಲಿ, ಕಾಲು ಹಿಡಿದಾದರೂ ವಾಪಸು ಪಡೆಯುತ್ತೇನೆ ಎಂದು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ. ದಾರಿಹೋಕರು ನಿಂತು ನೋಡಿ ನಕ್ಕು ಹೋಗುತ್ತಿದ್ದರು.

ಸಾಹೇಬರು ಯಾರಿಂದಲೋ ತಿಳಿದು ಕೊಡೆ ಹಿಡಿದುಕೊಂಡು ಬಂದರು. ಬಂದವರು ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತರು.

"ಎದೆ ಹೊಡ್ಕೊಳ್ತಿದೆಯಾ?"

"ಸಾಯ್ತೀನಿ ಸಾಹೇಬ್ರೇ. ಸರಿಯಾಗಿ ಬರ್ದಿದೀಯ ಅಂತ ಒಂದೇ ಒಂದು ಮಾತು ಹೇಳ್ಬಿಡಿ. ಇವತ್ತೊಂದಿನ."

"ಹೇಳಲ್ಲ" ಎಂದರು. "ಹೇಳಿದ್ರೆ ನಾಳೆ ಎರಡು ಸಲ ಹೇಳ್ಬೇಕಾಗ್ತದೆ. ಎದೆ ಹೊಡ್ಕೊಳ್ಳಲಿ ಬಿಡಿ. ನಾನೂ ಇಲ್ಲೇ ಕೂತಿರ್ತೀನಿ."

ಕೂತರು. ಒಂದು ಮಾತಾಡಲಿಲ್ಲ, ಬೆನ್ನು ಸವರಲಿಲ್ಲ. ಸುಣ್ಣದ ಗೋಡೆಯ ನೆರಳು ನಮ್ಮ ಕಾಲಿನಿಂದ ಸರಿದು ದಾರಿಯ ಮಧ್ಯಕ್ಕೆ ಹೋಯಿತು. ಆ ಹೊತ್ತಿಗೆ ನನ್ನ ಎದೆ ಯಾರ ಮಾತಿನ ನೆರವೂ ಇಲ್ಲದೆ ತಾನಾಗಿ ಇಳಿಯತೊಡಗಿತ್ತು. ಎರಡು ವರ್ಷದಲ್ಲಿ ಅದೇ ಮೊದಲು. ಅಂಚೆಯವನು ಬಂದ, ಪೆಟ್ಟಿಗೆ ತೆಗೆದು ಕಾಗದಗಳನ್ನು ಚೀಲಕ್ಕೆ ಸುರಿದುಕೊಂಡು ಹೋದ. ನಾನು ನೋಡುತ್ತ ಕೂತಿದ್ದೆ, ಏಳಲಿಲ್ಲ.

ಇದಾದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಾರನೆಯ ದಿನ ಇನ್ನೂ ಕಷ್ಟವಾಯಿತು. ಮಾಲೂರಿನಿಂದ ಎರಡು ಸಲ ಓಡಿಹೋದೆ. ಒಂದು ಸಲ ಬೌರಿಂಗ್‌ಪೇಟೆಯವರೆಗೆ ಹೋಗಿ, ಶ್ರೀನಿವಾಸಪುರದ ಸಣ್ಣ ರೈಲಿನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ಬಂದೆ. ಸಾಹೇಬರು, "ಎಲ್ಲಿಗೆ ಹೋಗಿದ್ರಿ?" ಎಂದು ಕೇಳಲೂ ಇಲ್ಲ, ಕೂರಲು ಹೇಳಿ ಕಾಗದ ಲೇಖನಿ ಮುಂದಿಟ್ಟರು. ಅವರು ಎಲ್ಲರಿಗೂ ಒಗ್ಗುವವರಲ್ಲ. ಗಂಡ ಸತ್ತ ದುಃಖದಲ್ಲಿ ಊಟ ಬಿಟ್ಟ ಹೆಂಗಸೊಬ್ಬಳು ಅವರ ಬಿರುಸಿಗೆ ಹೆದರಿ ಎದ್ದುಹೋದದ್ದನ್ನು ನೋಡಿದ್ದೇನೆ. ಅವಳಿಗೆ ಮುಳಬಾಗಿಲಿನ ಪಂಡಿತರ ಕೈ ಬೇಕಿತ್ತು. ನಾನೇ ದಾರಿ ಹೇಳಿ ಕಳಿಸಿದೆ.

ಮೂರನೇ ತಿಂಗಳು ಸಾಹೇಬರು ರತ್ನಮ್ಮನನ್ನೂ ಮಗುವನ್ನೂ ಕರೆಸಿದರು. ಇನ್ನು ಮೇಲೆ ನಾನು ಏನು ಕೇಳಿದರೂ ಉತ್ತರ ಕೊಡಬಾರದು ಎಂದು ಅವಳಿಗೆ ಹೇಳಿದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

"ಅವ್ರು ಹಂಗೆ ಒದ್ದಾಡ್ತಿದ್ರೆ ಬಾಯಿ ಮುಚ್ಕೊಂಡು ಹೆಂಗ್ ನೋಡ್ಲಿ ಸ್ವಾಮಿ? ಒಂದು ಮಾತು ತಾನೇ?"

"ಆ ಒಂದು ಮಾತು ಅವರಿಗೆ ಹೆಂಡ ಇದ್ದಂಗಮ್ಮ. ನೀವೇ ಕೈಯಾರೆ ಹುಯ್ದು ಕೊಡ್ತಿದೀರಿ."

ಆಮೇಲೆ ನಾನು ಕೇಳಿದಾಗ, ಒಲೆಯ ಕಡೆ ಮುಖ ಮಾಡಿಕೊಂಡು ತನ್ನ ತಾಯಿಯ ಭಾಷೆಯಲ್ಲಿ, "ಏಮೋ" ಎಂದಳು. ಏನೋಪ್ಪ, ಗೊತ್ತಿಲ್ಲ ಎಂದು. ನಾನು ಬೇಡಿದೆ, ರೇಗಿದೆ, ತಟ್ಟೆ ಎಸೆದೆ. "ಏಮೋ" ಎಂದಳು. ನನ್ನ ಕಾಯಿಲೆಯಲ್ಲಿ ನನಗಿಂತ ಹೆಚ್ಚು ಧೈರ್ಯ ಬೇಕಾದದ್ದು ಅವಳಿಗೆ.

ಉಳಿದದ್ದು ಆಣೆ. ಅದನ್ನು ತೆಗೆಯಲು ಏನಾದರೂ ಶಾಂತಿ ಮಾಡಿಸಲೇ ಎಂದು ಸಾಹೇಬರನ್ನು ಕೇಳಿದೆ.

"ಆಣೆ ತೆಗೆಯೋ ಔಷಧಿ ನನ್ನ ಹತ್ರ ಇಲ್ಲ" ಎಂದರು. ಕಮಲಿ ಅವರ ಕುರ್ಚಿಯ ಕೆಳಗೆ ಕಡಲೆಕಾಯಿ ಸಿಪ್ಪೆಯಲ್ಲಿ ಆಡುತ್ತಿದ್ದಳು. "ಮಗೂನ ಎತ್ಕೊಳ್ಳಿ."

"ಏನಾದ್ರೂ ಆದ್ರೆ?"

"ಆ ಭಯ ಎಲ್ಲ ಅಪ್ಪಂದಿರಿಗೂ ಇರ್ತದೆ, ಗುಮಾಸ್ತರೇ. ಅವರು ಎತ್ಕೊಂಡು ಭಯಪಡ್ತಾರೆ. ನೀವು ದೂರ ನಿಂತು ಭಯಪಡ್ತಿದೀರಿ. ಅಷ್ಟೇ ವ್ಯತ್ಯಾಸ."

ಒಂದೂವರೆ ವರ್ಷದ ಮೇಲೆ ಮಗಳನ್ನು ಎತ್ತಿಕೊಂಡೆ. ತೂಕ ಹೆಚ್ಚಾಗಿತ್ತು. ಅವಳಿಗೆ ನನ್ನ ತೋಳು ಹೊಸದಾಗಿತ್ತು. ಮೈ ಬಿಗಿ ಮಾಡಿಕೊಂಡು ತಾಯಿಯ ಕಡೆ ಕೈ ಚಾಚಿದಳು. ಅದು ನನ್ನ ಕಾಯಿಲೆ ನನ್ನಿಂದ ತೆಗೆದುಕೊಂಡದ್ದು. ಯಾವ ಡಾಕ್ಟರೂ ಅದನ್ನು ವಾಪಸು ಕೊಡಲಾರರು. ಆದರೂ ಇಳಿಸಲಿಲ್ಲ. ಭಯದಲ್ಲಿ ಬೆವರುತ್ತ ಅವಳನ್ನು ಸ್ಟೇಷನ್ನಿನವರೆಗೆ ಎತ್ತಿಕೊಂಡು ಹೋಗಿ ರೈಲು ತೋರಿಸಿಕೊಂಡು ಬಂದೆ.

ಹದಿನಾಲ್ಕು ತಿಂಗಳು ಮಾಲೂರಿನಲ್ಲಿದ್ದೆ. ಆಮೇಲೆ ಸಾಹೇಬರ ಹತ್ತಿರ ತಿಂಗಳಿಗೊಮ್ಮೆ, ಕೊನೆಗೆ ವರ್ಷಕ್ಕೆರಡು ಸಲ ಹೋಗುತ್ತಿದ್ದೆ. ಕಚೇರಿಯಲ್ಲಿ ನನ್ನನ್ನು ಮತ್ತೆ ಸೇರಿಸಿಕೊಂಡರು. ಮೊದಲು ದಫ್ತರ ಜೋಡಿಸುವ ಕೆಲಸ, ಎರಡು ವರ್ಷದ ಮೇಲೆ ಬರವಣಿಗೆ. ಅನುಮಾನ ಪೂರ್ತಿ ಹೋಗಿಲ್ಲ. ದಣಿದ ದಿನ, ಜ್ವರ ಬಂದ ದಿನ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಈ ಬರಹವನ್ನೂ ನಾನು ಎರಡನೇ ಸಲ ಓದದೆ ಕೊಡುತ್ತಿದ್ದೇನೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸಾಹೇಬರು ತೀರಿಕೊಂಡರು. ಸುದ್ದಿ ತಡವಾಗಿ ತಲುಪಿತು. ಮಣ್ಣಿಗೆ ಹೋಗಲಾಗಲಿಲ್ಲ.

ನನ್ನ ವಿಷಯ ಬಲ್ಲವರು ಈಗ ಗುಟ್ಟಾಗಿ ಬಂದು ಕೇಳುತ್ತಾರೆ. ಹೋದ ವರ್ಷ ನಮ್ಮ ಕಚೇರಿಯ ರಾಮಣ್ಣ ಬಂದರು. ಅವರ ಮಗಳು ಸರೋಜ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವಳು. ಉಸಿರು ನಿಂತುಹೋಗುತ್ತದೆ ಎಂಬ ಭಯ ಹಿಡಿದು, ಎಂಟು ತಿಂಗಳಿಂದ ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಮಾತೂ ಬಹಳ ಕಡಿಮೆಯಾಗಿತ್ತು. "ನಿಮ್ಮ ಡಾಕ್ಟ್ರು ಇದ್ದಿದ್ರೆ..." ಎಂದು ರಾಮಣ್ಣ ಮುಖ ಮುಚ್ಚಿಕೊಂಡರು. ಇದ್ದಿದ್ದರೂ ಅವಳಿಗೆ ಅವರು ಹಿಡಿಸುತ್ತಿದ್ದರೋ ಇಲ್ಲವೋ. ಬೆಂಗಳೂರಿನಲ್ಲಿ ಹೆಸರಾದ ಒಬ್ಬ ಡಾಕ್ಟರಿದ್ದಾರೆಂದು ತಿಳಿದು ಮೂವರೂ ಹೋದೆವು. ರೈಲಿನಲ್ಲಿ ಸರೋಜ ತಂದೆಯ ಪಂಚೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದಳು.

ನಾಲ್ಕು ಗಂಟೆ ಬೆಂಚಿನ ಮೇಲೆ ಕಾದೆವು. ಕೊನೆಗೆ ಅವಳನ್ನು ಒಳಗೆ ಕರೆದರು. ಕಾಲು ಗಂಟೆಯಲ್ಲಿ ಹೊರಗೆ ಬಂದಳು. ತಂದೆ ಎದ್ದು ನಿಂತು, "ಏನಂದ್ರಮ್ಮ?" ಎಂದರು.

ಅವಳು ನೆಲ ನೋಡುತ್ತ ಮೆಲ್ಲಗೆ ಹೇಳಿದಳು: "ಒಳ್ಳೇವ್ರು. ಆದ್ರೆ ಅವ್ರ ಹತ್ರ ನಂಗೆ ಮಾತು ಬರಲ್ಲಪ್ಪ."

ರಾಮಣ್ಣ ಬೆಂಚಿನ ಮೇಲೆ ಕುಸಿದರು. "ಇಷ್ಟು ದೂರ ಬಂದು ಹಿಂಗಂದ್ರೆ ಹೆಂಗಮ್ಮ? ಇನ್ನೆಲ್ಲಿಗೆ ಹೋಗೋಣ?" ಎಂದರು.

ನಾನು ಅವಳ ಪಕ್ಕಕ್ಕೆ ಸರಿದು, "ಎಂಥವ್ರಾದ್ರೆ ಬರ್ತದೆ ಮಗಳೇ?" ಎಂದು ಕೇಳಿದೆ. ಮುಳಬಾಗಿಲು, ಕೋಲಾರ ಎಂದು ನಾನು ಅಲೆದ ಕಾಲದಲ್ಲಿ ಒಬ್ಬರೂ ನನ್ನನ್ನು ಹೀಗೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಹೆಂಗಸ್ರಾದ್ರೆ" ಎಂದಳು. ಆಮೇಲೆ, "ಗಡಿಯಾರ ನೋಡ್ದೇ ಇರೋವ್ರು."

ಎಂಟು ತಿಂಗಳಲ್ಲಿ ಅವಳು ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು ಎಂದು ರಾಮಣ್ಣ ಆಮೇಲೆ ಹೇಳಿದರು. ಆಗ ಅವರು ಚೀಲ ಹೆಗಲಿಗೇರಿಸಿಕೊಂಡು ಎದ್ದರು. ಮೂವರೂ ಬಿಸಿಲಿಗಿಳಿದು, ಎದುರಿಗೆ ಮೊದಲು ಸಿಕ್ಕ ಸೋಡಾ ಅಂಗಡಿಯವನನ್ನು, ಈ ಕಡೆ ಲೇಡಿ ಡಾಕ್ಟರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆವು.